ಈಡು ಹಾರದಿದ್ದಾಗ: ಮದ್ದನ್ನು ಬೈಯುವ ಮುಂಚೆ ನೋಡಬೇಕಾದ್ದು

ಸೆಪ್ಟೆಂಬರ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗಳು ಹೊರಗೆ ಬರುತ್ತವೆ. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ಒರೆಸಿ, ಪೂಜೆ ಮಾಡಿ, ನಳಿಗೆಯ ಬಾಯಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸುತ್ತಾರೆ. ಆಮೇಲೆ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ದೂರುಗಳು ಶುರುವಾಗುವುದೂ ಅಲ್ಲಿಂದಲೇ. ಒಬ್ಬರ ತೋಟಾ ಹಾರಲೇ ಇಲ್ಲ. ಇನ್ನೊಬ್ಬರಿಗೆ ಸದ್ದು ಸಪ್ಪೆ. ಮತ್ತೊಬ್ಬರಿಗೆ ಭುಜ ಕಳಚುವ ಹಾಗೆ ಒದೆಯಿತು. ಮೂವರ ತೀರ್ಪೂ ಒಂದೇ: ತೋಟಾದೊಳಗೆ ತುಂಬಿದ ಮದ್ದು ಸರಿ ಇಲ್ಲ.

ಮದ್ದು ಕೆಡುವುದೇ ಇಲ್ಲ ಅಂತಲ್ಲ. ಆದರೆ ಬಹಳ ಸಲ ತಪ್ಪು ಬೇರೆ ಕಡೆ ಇರುತ್ತದೆ. ಗಟ್ಟಿಯಾದ ಎಣ್ಣೆ, ಸವೆದ ಪಿನ್ನು, ಉಬ್ಬಿದ ತೋಟಾ, ಕೋವಿಗೆ ಹೊಂದದ ಅಳತೆ. ಇವನ್ನೆಲ್ಲ ನೋಡಿ ಮುಗಿದ ಮೇಲೆ ಮದ್ದಿನ ಸರದಿ. ಹಾಗಂತ ಮದ್ದಿನ ವಿಷಯ ಚಿಕ್ಕದಲ್ಲ. ನಿಜವಾಗಿ ಮದ್ದಿನದೇ ತಪ್ಪಾಗಿದ್ದರೆ ಅದು ಎಲ್ಲಕ್ಕಿಂತ ಅಪಾಯದ ತಪ್ಪು. ಅದಕ್ಕೇ ಕೊನೆಯಲ್ಲಿ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಶಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ, ಒಯ್ಯುವ ವಿಷಯಕ್ಕೆ. ತೋಟಾ ತಯಾರಿಸುವುದಕ್ಕೆ, ಕೋವಿ ರಿಪೇರಿ ಮಾಡುವುದಕ್ಕೆ ಲೈಸೆನ್ಸ್ ಬೇಕು ಅನ್ನುವ ಐದನೇ ಸೆಕ್ಷನ್ ಬೇರೆಯೇ ಇದೆ. ಹಾಗಾಗಿ ಕೆಳಗೆ ಹೇಳುವುದೆಲ್ಲ ರೋಗ ಪತ್ತೆ ಮಾಡುವ ಬಗ್ಗೆ. ಔಷಧ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೈಯಲ್ಲಿ.

ಮೊದಲು ಕಿವಿ, ಆಮೇಲೆ ಕಣ್ಣು

ಟ್ರಿಗರ್ ಎಳೆದಾಗ ಏನು ಕೇಳಿಸಿತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಬರೀ 'ಟಕ್' ಅಂದಿತಾ? 'ಟಕ್' ಅಂದು ಒಂದು ಗಳಿಗೆ ಬಿಟ್ಟು 'ಢಂ' ಅಂದಿತಾ? 'ಢಂ' ಬದಲು 'ಪುಸ್' ಅಂದಿತಾ? ಈ ಮೂರೂ ಬೇರೆ ಬೇರೆ ಕಾಯಿಲೆ. ಬರೀ 'ಟಕ್' ಅಂದರೆ ಸಿಟ್ಟು ಬರುತ್ತದೆ. ತಡವಾದ 'ಢಂ' ಗಾಬರಿ ಹುಟ್ಟಿಸುತ್ತದೆ. 'ಪುಸ್' ಅಂದಾಗ ಮಾತ್ರ ಪಕ್ಕದಲ್ಲಿದ್ದವರು ನಗುತ್ತಾರೆ. ಕೋವಿ ಒಡೆಯುವುದು ಹೆಚ್ಚಾಗಿ ಆ ನಗುವಿನ ಬೆನ್ನಿಗೇ, ಮುಂದಿನ ಈಡಿನಲ್ಲಿ.

ಮೂರರಲ್ಲಿ ಯಾವುದೇ ಆಗಲಿ, ಮೊದಲ ಕೆಲಸ ಒಂದೇ. ನಳಿಗೆಯ ಬಾಯಿ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ಹೊರಗೆ ಬರಲಿ. ಕನಿಷ್ಠ ಅರ್ಧ ನಿಮಿಷ ಅಲ್ಲಾಡದೆ ನಿಲ್ಲಿ. ಬಾಯಿಯಿಂದ ಮದ್ದು ತುಂಬುವ ಹಳೇ ಕೇಪಿನ ಕೋವಿಯಾದರೆ ಒಂದೆರಡು ನಿಮಿಷ. 'ಏನಾಯ್ತು ನೋಡೋಣ' ಅಂತ ಕೂಡಲೇ ಕೋವಿ ಮಡಚಬೇಡಿ. ಮದ್ದು ತಡವಾಗಿ ಹೊತ್ತಿಕೊಂಡರೆ, ಮಡಚಿದ ಕೋವಿಯಲ್ಲಿ ತೋಟಾವನ್ನು ಹಿಂದಿನಿಂದ ತಡೆಯುವುದು ಯಾವುದೂ ಇರುವುದಿಲ್ಲ. ಹಿತ್ತಾಳೆ ಬುಡ ನಿಮ್ಮ ಮುಖದ ಕಡೆಗೆ ಬರುತ್ತದೆ.

ಬರೀ 'ಟಕ್' ಅಂದರೆ

ಕಾದ ಮೇಲೆ ತೋಟಾ ತೆಗೆದು ಅದರ ಬುಡ ನೋಡಿ. ಬುಡದ ನಡುವೆ ಇರುವ, ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪಿನ ಮೇಲೆ ಪಿನ್ನು ಹೊಡೆದ ಗುಳಿ ಇರುತ್ತದೆ. ಆ ಗುಳಿ ಸುಳ್ಳು ಹೇಳುವುದಿಲ್ಲ. ಅದೇ ನಳಿಗೆಯಲ್ಲಿ ಸರಿಯಾಗಿ ಹಾರಿದ ಒಂದು ಖಾಲಿ ತೋಟಾ ಪಕ್ಕದಲ್ಲಿಟ್ಟು ಬಿಸಿಲಿಗೆ ಹಿಡಿದು ಎರಡನ್ನೂ ಹೋಲಿಸಿ. ಗುಳಿ ಎರಡರಲ್ಲೂ ಅಷ್ಟೇ ಆಳ, ಸರಿಯಾಗಿ ನಡುವೆ ಇದ್ದರೆ ಕೋವಿ ತನ್ನ ಕೆಲಸ ಮಾಡಿದೆ, ತಪ್ಪು ತೋಟಾದ್ದು. ಗುಳಿ ಉಗುರು ಒತ್ತಿದಷ್ಟೇ ಇದ್ದರೆ ತೋಟಾದ ಮೇಲೆ ಸಿಟ್ಟು ಬೇಡ, ತಪ್ಪು ಕೋವಿಯದ್ದು. ಗುಳಿ ಒಂದು ಬದಿಗೆ ಸರಿದಿದ್ದರೆ ಕೀಲು ಸವೆದು ನಳಿಗೆ ಸರಿಯಾಗಿ ಕೂರುತ್ತಿಲ್ಲ ಅಂತ ಅನುಮಾನ ಪಡಿ. ಜೋಡುನಳಿಗೆ ಕೋವಿಯಾದರೆ ಇನ್ನೂ ಸುಲಭ. ಎಡದಲ್ಲಿ ಹಾರಿದ್ದರ ಗುಳಿ, ಬಲದಲ್ಲಿ ಹಾರದ್ದರ ಗುಳಿ ಅಕ್ಕಪಕ್ಕ ಇಟ್ಟರೆ ಸಾಕು.

ಹಾರದ ತೋಟಾವನ್ನು ಮತ್ತೆ ಮತ್ತೆ ಹೊಡೆದು ನೋಡುವ ಚಟ ಕೆಲವರಿಗಿದೆ. ಬೇಡ. ಅದನ್ನು ಬೇರೆ ಇಡಿ.

ಗುಳಿ ಆಳವಿಲ್ಲದಿದ್ದರೆ ಕಾರಣ ಹೆಚ್ಚಾಗಿ ಎಣ್ಣೆ. ನಮ್ಮಲ್ಲಿ ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚುವವರು ಈಗಲೂ ಇದ್ದಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಗಿನ ಮಾತು ಬಿಡಿ, ಮಳೆಗಾಲದ ಮಧ್ಯಾಹ್ನವೂ ಅಲ್ಲಿ ಅಷ್ಟು ಸೆಕೆ ಇರುವುದಿಲ್ಲ. ಪಿನ್ನು ಓಡಾಡುವ ತೂತಿನಲ್ಲಿ ಆ ಎಣ್ಣೆ ಧೂಳು ಸೇರಿಕೊಂಡು ಬೆಣ್ಣೆಯಷ್ಟು ದಪ್ಪ ಕೂತಿರುತ್ತದೆ. ಕುದುರೆ (ಪಿನ್ನಿಗೆ ಬಡಿಯುವ ಸುತ್ತಿಗೆ) ಬಿದ್ದರೂ ಪಿನ್ನು ಮುಗ್ಗರಿಸುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು, ಅದೂ ಒರೆಸಿ ಬಿಟ್ಟ ಮೇಲೆ ಉಳಿಯುವಷ್ಟೇ.

ಎಣ್ಣೆ ಅಲ್ಲದಿದ್ದರೆ ಸ್ಪ್ರಿಂಗು. ಕುದುರೆ ಎಳೆದಿಟ್ಟು ವರ್ಷಗಟ್ಟಲೆ ಗೋಡೆಗೆ ಒರಗಿಸಿದ ಕೋವಿಯ ಸ್ಪ್ರಿಂಗು ಸೋತಿರುತ್ತದೆ. ಚುನಾವಣೆ ಸಮಯದಲ್ಲಿ ಠಾಣೆಗೆ ಠೇವಣಿ ಇಡುವ ಮುಂಚೆ ಕುದುರೆ ಇಳಿಸಿದ್ದೀರಾ ಅಂತ ನೋಡಿಕೊಳ್ಳಿ. ಕುದುರೆ ಒಳಗಿರುವ ಮಾದರಿಯಾದರೆ ಇಳಿಸಲು ಸ್ನ್ಯಾಪ್ ಕ್ಯಾಪ್, ಅಂದರೆ ಮದ್ದಿಲ್ಲದ ನಕಲಿ ತೋಟಾ, ಬೇಕು. ಖಾಲಿ ಕೋವಿಯ ಟ್ರಿಗರ್ ಸುಮ್ನೆ ಎಳೆಯುತ್ತಿದ್ದರೆ ಪಿನ್ನಿನ ತುದಿ ಮುರಿಯುವುದುಂಟು.

ಇನ್ನು ಗುಳಿ ಸರಿ ಇದ್ದೂ ಹಾರದ ತೋಟಾ. ಇಲ್ಲಿ ಕಳ್ಳ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಚರ್ಮದ ಬೆಲ್ಟಿಗೇ ಬೂಸ್ಟು ಹಿಡಿಯುತ್ತದೆ, ಅದೇ ಬೆಲ್ಟಿನಲ್ಲಿ ತೋಟಾ ಸಿಕ್ಕಿಸಿ ಇಟ್ಟರೆ ಏನಾಗಬೇಕು? ಹಿತ್ತಾಳೆ ಹಸಿರುಗಟ್ಟಿದೆಯಾ ನೋಡಿ. ಹಿತ್ತಾಳೆ ಬಣ್ಣದ ಬುಡ ಎಷ್ಟೋ ತೋಟಾಗಳಲ್ಲಿ ಒಳಗೆ ಉಕ್ಕು, ಅದು ಕೆಂಪಗೆ ತುಕ್ಕು ಹಿಡಿಯುತ್ತದೆ. ಹಳೇ ಕಾಗದದ ತೋಟಾ ಆದರೆ ಉಬ್ಬಿ ಚೇಂಬರ್‌ಗೆ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಪೂರ್ತಿ ಇಳಿಯುವುದೇ ಇಲ್ಲ. ಪ್ಲಾಸ್ಟಿಕ್ಕಿನದು ಉಬ್ಬುವುದಿಲ್ಲ, ಆದರೆ ಬಾಯಿಗೆ ಕಾಗದದ ಬಿಲ್ಲೆ ಇಟ್ಟು ಸುತ್ತಿ ಮುಚ್ಚಿದ ಮಾದರಿಯಲ್ಲಿ ಅಲ್ಲಿಂದ ತೇವ ಇಳಿಯುತ್ತದೆ. ಉಬ್ಬಿದ್ದನ್ನು ಬಡಿದು ಕೂರಿಸುವುದು, ಒಲೆ ಪಕ್ಕ ಇಟ್ಟು ಒಣಗಿಸುವುದು, ಬಿಸಿಲಿಗೆ ಹರಡುವುದು ಎಲ್ಲ ಬೇಡ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮನೆಯೊಳಗಿನ ತಂಪು ಕೋಣೆ. ಹೊಗೆ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಡುವುದು ಹಳೇ ರೂಢಿ. ಕರಿಮೆಣಸಿಗೆ ಅದು ಒಳ್ಳೇ ಜಾಗ. ಈಗಿನ ತೋಟಾದಲ್ಲಿರುವ ಹೊಗೆಯಿಲ್ಲದ ನೈಟ್ರೋ ಮದ್ದಿಗೆ ಬಿಸಿ ಅಂದರೆ ಆಯಸ್ಸು ಕಡಿಮೆ.

'ಟಕ್' ಮತ್ತು 'ಢಂ' ನಡುವೆ

ತಡವಾಗಿ ಹಾರುವ ತೋಟಾಕ್ಕೆ ಕಾರಣವೂ ಹೆಚ್ಚಾಗಿ ತೇವವೇ. ಕೇಪು ಅರೆಮನಸ್ಸಿನಿಂದ ಕಿಡಿ ಕೊಟ್ಟಿತು, ಮದ್ದು ಯೋಚಿಸಿ ಯೋಚಿಸಿ ಹೊತ್ತಿಕೊಂಡಿತು. ಒಂದು ತೋಟಾ ಹೀಗೆ ಮಾಡಿದರೆ ಆ ಇಡೀ ಪೆಟ್ಟಿಗೆಯನ್ನು ಪಕ್ಕಕ್ಕಿಡಿ. 'ಒಂದು ತಾನೇ' ಅನ್ನಬೇಡಿ, ಆ ಪೆಟ್ಟಿಗೆಯ ತೋಟಾಗಳೆಲ್ಲ ಅದೇ ಮಳೆಗಾಲ ಕಳೆದಿವೆ.

ಕೇಪಿನ ಕೋವಿಯಲ್ಲಿ ಇದಕ್ಕೆ ಬೇರೆ ಕಾರಣವೂ ಇದೆ. ಸುಗ್ಗಿ ಹಬ್ಬವಾದ ಪುತ್ತರಿಯಂದು ಕದಿರು ತೆಗೆಯುವಾಗ ಈಡು ಹೊಡೆಯಲು ಅಜ್ಜನ ಕಾಲದ ಕೋವಿಯೇ ಬೇಕು ಅನ್ನುವ ಮನೆಗಳಿವೆ. ವರ್ಷಕ್ಕೊಮ್ಮೆ ಕೆಲಸ ಮಾಡುವ ಕೋವಿ ಅದು. ಹೋದ ವರ್ಷದ ಕರಿ ಮದ್ದಿನ ಮಸಿ, ಮಳೆಗಾಲಕ್ಕೆ ಅಂತ ಸುರಿದ ಎಣ್ಣೆ, ಎರಡೂ ಸೇರಿ ಕಿಡಿ ಹೋಗುವ ತೂತನ್ನು ಮುಚ್ಚಿರುತ್ತವೆ. ಕೇಪು 'ಪಟ್' ಅನ್ನುತ್ತದೆ, ಕಿಡಿ ಒಳಗೆ ಮುಟ್ಟುವುದಿಲ್ಲ.

ಇದನ್ನು ತುಂಬುವ ಮುಂಚೆಯೇ ಪತ್ತೆ ಮಾಡಬಹುದು. ಮೊದಲು ಕೋವಿ ನಿಜವಾಗಿ ಖಾಲಿಯೇ ಅಂತ ನೋಡಬೇಕು. ಗಜವನ್ನು (ಮದ್ದು ಜಡಿಯುವ ಕೋಲು) ನಳಿಗೆಯೊಳಗೆ ತಳ ಮುಟ್ಟುವ ತನಕ ಇಳಿಸಿ, ಬಾಯಿಯ ಮಟ್ಟಕ್ಕೆ ಬೆರಳಿಟ್ಟು ಹಿಡಿದು ಹೊರಗೆ ತೆಗೆಯಿರಿ. ಅದೇ ಗಜವನ್ನು ನಳಿಗೆಯ ಹೊರಮೈಗೆ ಹಿಡಿದರೆ ತುದಿ ಕೇಪಿನ ತೂತಿನ ಹತ್ತಿರಕ್ಕೆ ಬರಬೇಕು. ನಾಲ್ಕು ಬೆರಳು ಹಿಂದೆ ನಿಂತರೆ ಒಳಗೆ ಹೋದ ವರ್ಷದ ಈಡು ಹಾಗೇ ಇದೆ ಅಂತ ಅರ್ಥ! ಖಾಲಿ ನಳಿಗೆಯ ಅಳತೆಗೆ ಗಜದ ಮೇಲೆ ಒಂದು ಗೀರು ಹಾಕಿಟ್ಟರೆ ಮನೆಯಲ್ಲಿ ಯಾರು ಬೇಕಾದರೂ ನೋಡಬಹುದು. ಖಾಲಿ ಅಂತ ಖಾತ್ರಿಯಾದ ಮೇಲೆ ಬಾಯಿಯನ್ನು ನೆಲದ ಹುಲ್ಲಿನ ಹತ್ತಿರ ಹಿಡಿದು ಬರೀ ಕೇಪು ಹೊಡೆಯಿರಿ. ಹುಲ್ಲಿನ ಎಸಳು ಅಲ್ಲಾಡಿದರೆ ದಾರಿ ತೆರೆದಿದೆ. ಅಲ್ಲಾಡದಿದ್ದರೆ ಇನ್ನೂ ಸ್ವಚ್ಛ ಮಾಡಬೇಕು. ಕರಿ ಮದ್ದಿನ ಮಸಿ ಎಣ್ಣೆಗೆ ಜಗ್ಗುವುದಿಲ್ಲ, ಬಿಸಿ ನೀರು ಮತ್ತು ಸೋಪಿಗೆ ಕರಗುತ್ತದೆ. ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

'ಪುಸ್' ಅಂದಾಗ ನಿಲ್ಲಿಸಿ

ಸದ್ದು ಸಪ್ಪೆ, ಒದೆತವೇ ಇಲ್ಲ, ಹೊಗೆ ಸುಮ್ಮನೆ ಹೊರಬಂತು. ಹಾಗಾದರೆ ಮದ್ದು ಪೂರ್ತಿ ಉರಿದಿಲ್ಲ, ಅಥವಾ ಬರೀ ಕೇಪಿನ ಬಲಕ್ಕೆ ಒಳಗಿನ ವಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ಮತ್ತು ಚರೆ ನಳಿಗೆಯ ಅರ್ಧ ದಾರಿಗೆ ಹೋಗಿ ನಿಂತಿದೆ. ಹಿಂದಿನಿಂದ ಇನ್ನೊಂದು ಈಡು ಬಂದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಎಡಗೈ ಇರುವುದು ಸರಿಯಾಗಿ ಅಲ್ಲೇ.

ಕಾದು, ಎರಡೂ ತೋಟಾ ತೆಗೆದು, ನಳಿಗೆಯನ್ನು ಕಳಚಿ ಆಕಾಶದ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ಆ ತುದಿಯ ಬೆಳಕು ದುಂಡಗೆ, ಪೂರ್ತಿ ಕಾಣಬೇಕು. ಕಾಣದಿದ್ದರೆ ಗಜದಿಂದ ಮೆಲ್ಲಗೆ ತಳ್ಳಿ ಹೊರಗೆ ತೆಗೆಯಿರಿ. ಇನ್ನೊಂದು ತೋಟಾದಿಂದ 'ಹೊಡೆದು ತೆಗೆಯುವ' ಜಾಣತನ ಯಾರಿಗೂ ಬೇಡ. ತೆಗೆದ ಮೇಲೂ ಮತ್ತೊಮ್ಮೆ ನೋಡಿ. ಒಳಮೈಯಲ್ಲಿ ಹೊಳಪಿನ ನಡುವೆ ಉಂಗುರದಂತೆ ಒಂದು ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಹೊರಗಡೆ ಬೆರಳು ಸವರಿದರೂ ಕೆಲವೊಮ್ಮೆ ತಿಳಿಯುತ್ತದೆ.

ನಳಿಗೆಗೆ ಅಡ್ಡ ಬರುವುದು ವಾಡ್ ಒಂದೇ ಅಲ್ಲ. ಕಣಜ ಮಣ್ಣಿನ ಗೂಡು ಕಟ್ಟಲು ಕೋವಿಯ ಬಾಯಿಯಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ಧೂಳು ಹೋಗದಿರಲಿ ಅಂತ ತುರುಕಿದ ಬಟ್ಟೆ ಇರಬಹುದು. ಪೂಜೆಯ ತೋಕ್ ಪೂ ತೆಗೆದಿರುತ್ತಾರೆ, ತೊಟ್ಟು ಮುರಿದು ಒಳಗೆ ಉಳಿದಿರುತ್ತದೆ. ಪಂದ್ಯಕ್ಕೆ ಹೊರಡುವ ಮುಂಚೆ ಒಂದು ಸಲ ಬೆಳಕಿಗೆ ಹಿಡಿದು ನೋಡಲು ಎಷ್ಟು ಹೊತ್ತು ಬೇಕು, ಅಲ್ವಾ?

ಇನ್ನೊಂದು ಕೆಟ್ಟ ತಪ್ಪು ಇದೇ ಜಾತಿಯದ್ದು. ಜೇಬಿನಲ್ಲಿ 12 ಬೋರ್ ಮತ್ತು 20 ಬೋರ್ ತೋಟಾ ಒಟ್ಟಿಗೆ ಇರಬಾರದು. 12 ಬೋರ್ ನಳಿಗೆಯ ಒಳ ಅಳತೆ ಸುಮಾರು 18.5 ಮಿಲಿಮೀಟರ್, 20 ಬೋರ್‌ದು 15.6. ಸಣ್ಣ ತೋಟಾ ಚೇಂಬರ್ ದಾಟಿ ಮುಂದೆ ಜಾರಿ ಸಿಕ್ಕಿಕೊಳ್ಳುತ್ತದೆ. ಹಿಂದೆ ನೋಡಿದರೆ ಚೇಂಬರ್ ಖಾಲಿ. 'ಓ, ಹಾಕಿಯೇ ಇಲ್ಲ' ಅಂತ 12 ಬೋರ್ ತೋಟಾ ಹಾಕಿ ಹೊಡೆದರೆ ಎರಡೂ ಒಟ್ಟಿಗೆ ಸಿಡಿಯುತ್ತವೆ. ಅಮೆರಿಕದಲ್ಲಿ 20 ಬೋರ್ ತೋಟಾಗಳನ್ನು ಹಳದಿ ಬಣ್ಣದಲ್ಲಿ ಮಾಡುವುದು ಇದಕ್ಕಾಗಿಯೇ.

ಒದೆತ ಜಾಸ್ತಿಯಾದರೆ

ಮೈದಾನದಲ್ಲಿ ಒಬ್ಬರು ಹಿರಿಯರು, ಕೈಯಲ್ಲಿ ಒಳ್ಳೇ ಕೆತ್ತನೆಯ ಇಂಗ್ಲಿಷ್ ಕೋವಿ.

"ಈ ಹೊಸ ತೋಟಾದಲ್ಲಿ ಮದ್ದು ಜಾಸ್ತಿ ಹಾಕ್ತಾರೆ ಮಾರಾಯ. ಮೊದಲು ಹೀಗೆ ಒದೀತಿರಲಿಲ್ಲ."

"ಅಜ್ಜ, ನಳಿಗೆ ಅಡಿಯಲ್ಲಿ ಏನು ಬರೆದಿದೆ ನೋಡಿದ್ದೀರಾ?"

"ಅದೆಲ್ಲ ಯಾರು ಓದ್ತಾರೆ!"

ಓದಬೇಕು. ನಳಿಗೆ ಕಳಚಿ ಅಡಿ ನೋಡಿದರೆ ಕೋವಿಯ ಬಲ ಪರೀಕ್ಷಿಸುವ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಗುರುತು, ಚೇಂಬರ್ ಉದ್ದ ಇರುತ್ತದೆ. ಹಳೇ ಇಂಗ್ಲಿಷ್ 12 ಬೋರ್ ಕೋವಿಗಳ ಚೇಂಬರ್ ಬಹಳ ಸಲ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಈಗಿನ ತೋಟಾ ಹೆಚ್ಚಾಗಿ 70 ಮಿಲಿಮೀಟರ್‌ದು. ಮೋಸ ಎಲ್ಲಿದೆ ಅಂದರೆ, 70 ಅನ್ನುವುದು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾರುವ ಮುಂಚೆ ಬಾಯಿ ಮಡಚಿರುವುದರಿಂದ ಅದು ಗಿಡ್ಡ, 65ರ ಚೇಂಬರ್‌ನಲ್ಲಿ ಸಲೀಸಾಗಿ ಕೂರುತ್ತದೆ. ಹಾರುವಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆ ಕಿರಿದಾಗುವ ಕಡೆ ಅಡ್ಡ ನಿಲ್ಲುತ್ತದೆ, ಒತ್ತಡ ಏರುತ್ತದೆ. ಖಾಲಿ ತೋಟಾದ ಬಾಯಿ ಹರಿದು ಕರಕಲಾಗಿ, ಎಳೆದಂತೆ ಕಂಡರೆ ಇದೇ ಕಾರಣ. ಮದ್ದು ಪಾಪ, ತನ್ನ ಲೆಕ್ಕದಷ್ಟೇ ಇತ್ತು.

ನಳಿಗೆಯ ಮೈಮೇಲೆ ಸುರುಳಿ ಸುರುಳಿ ಗೆರೆಯ ಚಿತ್ತಾರ ಇದ್ದರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ಅವುಗಳಲ್ಲಿ ಹೆಚ್ಚಿನವು ಕರಿ ಮದ್ದಿನ ಕಾಲದವು. ನೈಟ್ರೋ ಮದ್ದಿಗೆ ಪರೀಕ್ಷೆಯಾದ ನೈಟ್ರೋ ಪ್ರೂಫ್ ಗುರುತು ಇಲ್ಲದಿದ್ದರೆ ಈಗಿನ ತೋಟಾ ಹಾಕಲೇಬಾರದು. ಗುರುತು ಇದ್ದರೂ ಒಳಗಿನ ತುಕ್ಕಿನ ಗುಳಿ ತಿಳಿದವರಿಗೆ ತೋರಿಸಿ.

ಇನ್ನು ಮದ್ದಿನ ಸರದಿ

ಇಲ್ಲಿಯವರೆಗಿನದು ಎಲ್ಲ ಸರಿ ಇದ್ದೂ ಈಡು ಒಂದೊಂದು ಸಲ ಒಂದೊಂದು ಥರ ಹಾರಿದರೆ ಆಗ ಮದ್ದನ್ನು ಕೇಳಬೇಕು. ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಸ್ವಂತಕ್ಕೆ ತೋಟಾ ತುಂಬಿಕೊಳ್ಳುವುದು ಕಾನೂನಿಗೆ ಒಪ್ಪಿದ ಹವ್ಯಾಸ. ಅವನದು .357 ಮ್ಯಾಗ್ನಂ ರಿವಾಲ್ವರ್. ಫೋನಿನಲ್ಲಿ ಅವನ ದೂರು: "ಮಾವ, ಮದ್ದು ಅರ್ಧ ಉರಿಯದೆ ಹಾಗೇ ಹೊರಗೆ ಬೀಳ್ತಿದೆ. ಒಂದು ಸಲ ಜೋರು, ಒಂದು ಸಲ ಪುಸ್. ಸಿಲಿಂಡರ್ ಬೇರೆ ತಿರುಗಲ್ಲ." ಅವನಿಗೂ ಮೊದಲ ಅನುಮಾನ ಡಬ್ಬಿಯ ಮೇಲೇ. ಹಳೇ ಸ್ಟಾಕು ಕೊಟ್ಟಿರಬೇಕು ಅಂತ.

ಡಬ್ಬಿಯ ಮದ್ದು ಚೆನ್ನಾಗಿಯೇ ಇತ್ತು. ಅವನ ಕೆಲಸಕ್ಕೆ ಆರಿಸಿದ್ದು ಹೊಂದಿರಲಿಲ್ಲ.

ಹೊಗೆಯಿಲ್ಲದ ಮದ್ದಿನಲ್ಲಿ ವೇಗ ಅಂತ ಒಂದಿದೆ. ಕಾಳಿನ ಗಾತ್ರ, ಆಕಾರ, ಮೇಲಿನ ಲೇಪ ಬದಲಿಸಿ ಬೇಗ ಉರಿಯುವುದನ್ನೂ ನಿಧಾನಕ್ಕೆ ಉರಿಯುವುದನ್ನೂ ಮಾಡುತ್ತಾರೆ. ತೆಂಗಿನ ಗರಿ ಬೆಂಕಿ ತಾಗಿದ ಕೂಡಲೇ ಭಗ್ಗನೆ ಹತ್ತುತ್ತದೆ, ದಪ್ಪ ಕೊರಡಿಗೆ ಸುತ್ತ ಕೆಂಡದ ಕಾವು ಒತ್ತಿ ನಿಲ್ಲಬೇಕು. ನಿಧಾನದ ಮದ್ದಿಗೆ ಆ ಕಾವಿನ ಕೆಲಸ ಮಾಡುವುದು ಒತ್ತಡ. ಒತ್ತಡ ಏರಿದಷ್ಟೂ ಅದು ಚುರುಕಾಗಿ ಉರಿಯುತ್ತದೆ. ಒತ್ತಡ ಸಾಲದಿದ್ದರೆ ಅರ್ಧಕ್ಕೇ ಆರುತ್ತದೆ.

.357 ಮ್ಯಾಗ್ನಂ ಬಂದದ್ದು 1935ರಲ್ಲಿ, .38 ಸ್ಪೆಷಲ್‌ನ ತೋಟಾವನ್ನೇ ಸ್ವಲ್ಪ ಉದ್ದ ಮಾಡಿ. ಹಳೇ .38 ರಿವಾಲ್ವರ್‌ಗಳಲ್ಲಿ ಅದು ಕೂರದಿರಲಿ ಅಂತ. ಅಮೆರಿಕದ ಮಾನದಂಡದಲ್ಲಿ .38 ಸ್ಪೆಷಲ್‌ಗೆ ಚದರ ಇಂಚಿಗೆ 17,000 ಪೌಂಡ್ ಒತ್ತಡ ಮಿತಿ, .357ಕ್ಕೆ 35,000, .44 ಮ್ಯಾಗ್ನಂಗೆ 36,000. ನಮ್ಮ 12 ಬೋರ್ ಕೋವಿಗೆ 11,500 ಅಷ್ಟೇ. ಮ್ಯಾಗ್ನಂನ ಪೂರ್ತಿ ಬಲ ಬೇಕೆಂದರೆ ನಿಧಾನದ ಮದ್ದೇ ಬೇಕು. ಒತ್ತಡ ಒಮ್ಮೆಲೇ ಏರಿ ಇಳಿಯದೆ, ಗುಂಡನ್ನು ನಳಿಗೆಯುದ್ದಕ್ಕೂ ತಳ್ಳುತ್ತಾ ಹೋಗಬೇಕು.

ಅವನು ಆರಿಸಿದ್ದು ಎಚ್110. ವಿಂಚೆಸ್ಟರ್ 296 ಅಂತ ಇನ್ನೊಂದು ಡಬ್ಬಿಯಲ್ಲಿ ಬರುವುದೂ ಇದೇ ಮದ್ದು. ಮ್ಯಾಗ್ನಂಗೆ ಹೇಳಿ ಮಾಡಿಸಿದ ಮದ್ದು, ಆದರೆ ಅದಕ್ಕೆ ಹಟ ಜಾಸ್ತಿ. ಪ್ರಕಟವಾದ ಅಳತೆಗೆ ತುಂಬಬೇಕು, ಭಾರದ ಗುಂಡು ಬೇಕು, ಮ್ಯಾಗ್ನಂ ಕೇಪು ಬೇಕು, ತೋಟಾದ ಬಾಯಿ ಗುಂಡಿನ ಸುತ್ತ ಬಿಗಿಯಾಗಿ ಕಚ್ಚಿರಬೇಕು. ಅವನು ಏನು ಮಾಡಿದ್ದ ಅಂದರೆ, ಸೇಫ್ ಆಗಿರಲಿ ಅಂತ ಹಗುರ ಗುಂಡಿಟ್ಟು ಮದ್ದು ಕಡಿಮೆ ಮಾಡಿದ್ದ. ಬೇರೆ ಮದ್ದುಗಳಿಗೆ ಮೇಲ್ಮಿತಿಗಿಂತ ಶೇಕಡ 10 ಕಡಿಮೆಯಿಂದ ಶುರು ಮಾಡುವುದು ವಾಡಿಕೆ. ಈ ಮದ್ದಿಗೆ ಮಾತ್ರ ಶೇಕಡ 3ಕ್ಕಿಂತ ಹೆಚ್ಚು ಇಳಿಸಬೇಡಿ ಅಂತ ತಯಾರಕರ ಕೈಪಿಡಿಯಲ್ಲೇ ಇದೆ. ಇಳಿಸಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಜೋಡುನಳಿಗೆ ಕೋವಿಯಲ್ಲಿ ಯೋಚಿಸಲು ಒಂದು ಕ್ಷಣ ಸಿಗುತ್ತದೆ. ರಿವಾಲ್ವರ್‌ನಲ್ಲಿ ಟ್ರಿಗರ್ ಮತ್ತೆ ಎಳೆದರೆ ಮುಂದಿನ ತೋಟಾ ಅದಾಗಲೇ ಎದುರಿಗೆ ಬಂದು ನಿಂತಿರುತ್ತದೆ.

ಅವನಿಗೆ ಬೇಕಿದ್ದದ್ದು ಮೆತ್ತಗೆ ಒದೆಯುವ ಅಭ್ಯಾಸದ ತೋಟಾ. ಅದಕ್ಕೆ ಯೂನೀಕ್‌ನಂಥ ನಡುವಿನ ವೇಗದ ಮದ್ದು ಸರಿ. ಪೂರ್ತಿ ಬಲವೂ ಬೇಕು, ಸ್ವಲ್ಪ ಇಳಿಸಲೂ ಅವಕಾಶ ಬೇಕು ಅನ್ನುವವರಿಗೆ 2400 ಅನ್ನುವ ಹೆಸರಿನ ಮದ್ದು ಇದೆ. ಮ್ಯಾಗ್ನಂ ಹುಟ್ಟಿದ ಕಾಲದಿಂದಲೂ ಜನ ಅದನ್ನು ಬಳಸುತ್ತಿದ್ದಾರೆ, ನನ್ನ ಮಟ್ಟಿಗೆ ಒಂದೇ ಡಬ್ಬಿ ಇಟ್ಟುಕೊಳ್ಳುವವರಿಗೆ ಅದೇ ಒಳ್ಳೆಯದು. ಬುಲ್ಸ್‌ಐನಂಥ ಬೇಗ ಉರಿಯುವ ಮದ್ದು ಹಗುರ ಈಡಿಗೆ ಸಾಕು, ಖರ್ಚೂ ಕಡಿಮೆ. ಆದರೆ ಅದು ಉದ್ದ ತೋಟಾದಲ್ಲಿ ತಳದಲ್ಲಿ ಇಷ್ಟೇ ಕೂರುತ್ತದೆ. ಕೈತಪ್ಪಿ ಎರಡು ಸಲ ಸುರಿದರೂ ಹೊರಗೆ ಚೆಲ್ಲುವುದಿಲ್ಲ, ಗುಂಡು ಕೂರಿಸಿದ ಮೇಲೆ ಗೊತ್ತೇ ಆಗುವುದಿಲ್ಲ. ಎರಡು ಸಲ ಬಿದ್ದರೆ ಉಕ್ಕಿ ಹೊರಬರುವಷ್ಟು ಜಾಗ ತುಂಬುವ ಮದ್ದು ಹೊಸಬರಿಗೆ ಕ್ಷೇಮ. ಯಾವುದೇ ಆಗಲಿ, ತೂಕ ನೋಡಬೇಕಾದ್ದು ಈಗಿನ ಪ್ರಕಟಿತ ಕೈಪಿಡಿಯಲ್ಲಿ. ನಾನು ಅವನಿಗೆ ಒಂದು ಅಂಕಿಯನ್ನೂ ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ.

ಗಿಡ್ಡ ನಳಿಗೆಗೆ ಬೇಗದ ಮದ್ದೇ ಬೇಕು ಅನ್ನುವ ಮಾತು ಎಲ್ಲ ಕಡೆ ಕೇಳಿಸುತ್ತದೆ. ಅದು ಅಷ್ಟು ನಿಜವಲ್ಲ. ಉದ್ದ ನಳಿಗೆಯಲ್ಲಿ ಗುಂಡಿಗೆ ಹೆಚ್ಚು ವೇಗ ಕೊಡುವ ಮದ್ದು ಸಾಮಾನ್ಯವಾಗಿ ಗಿಡ್ಡ ನಳಿಗೆಯಲ್ಲೂ ಹೆಚ್ಚೇ ಕೊಡುತ್ತದೆ. ಜೊತೆಗೆ ಬಾಯಲ್ಲಿ ದೊಡ್ಡ ಬೆಂಕಿ, ಕಿವಿ ಗುಂಯ್ ಅನ್ನುವ ಸದ್ದು. ಬೇಗದ ಮದ್ದು ಆರಿಸಲು ಆ ಬೆಂಕಿ ಮತ್ತು ಒದೆತ ಸಾಕಷ್ಟು ಕಾರಣ. ವೇಗ ಸಿಗುತ್ತದೆ ಅಂತ ಅಲ್ಲ.

ಮದ್ದು ಕಡಿಮೆ ಇದ್ದು ತೋಟಾ ದೊಡ್ಡದಿದ್ದರೆ ಇನ್ನೊಂದು ತಮಾಷೆ ನಡೆಯುತ್ತದೆ. ಬಾಯಿ ಮೇಲೆತ್ತಿ ನಿಧಾನಕ್ಕೆ ಗುರಿಗೆ ಇಳಿಸಿ ಹೊಡೆದರೆ ಮದ್ದು ಕೇಪಿನ ಹತ್ತಿರ ಇರುತ್ತದೆ. ಬಾಯಿ ನೆಲಕ್ಕಿಟ್ಟು ಮೇಲೆತ್ತಿ ಹೊಡೆದರೆ ಗುಂಡಿನ ಹತ್ತಿರ. ಎರಡಕ್ಕೂ ಗುಂಡಿನ ವೇಗ ಅಳೆಯುವ ಯಂತ್ರದಲ್ಲಿ ದೊಡ್ಡ ವ್ಯತ್ಯಾಸ ಬಂದರೆ ಮದ್ದು ಆ ತೋಟಾಕ್ಕೆ ಸಾಲದು ಅಂತ ಲೆಕ್ಕ. ಪುಸ್ ಅನ್ನದೆ ಇರುವ ತೋಟಾಗಳಿಗೆ ಮಾತ್ರ ಈ ಪರೀಕ್ಷೆ.

ಸಿಲಿಂಡರ್ ತಿರುಗದ ದೂರಿಗೆ ಮೂರು ಕಡೆ ನೋಡಲು ಹೇಳಿದೆ. ಉರಿಯದ ಒಂದು ಕಾಳು ಎಕ್ಸ್‌ಟ್ರ್ಯಾಕ್ಟರ್ ನಕ್ಷತ್ರದ (ಖಾಲಿ ತೋಟಾ ಹೊರಗೆ ತಳ್ಳುವ ಭಾಗ) ಅಡಿಗೆ ಸೇರಿದರೆ ಸಾಕು, ಸಿಲಿಂಡರ್ ಬಿಗಿಯುತ್ತದೆ. ಖಾಲಿ ತೋಟಾ ಉದುರಿಸುವಾಗ ನಳಿಗೆ ಬಾಯಿ ಆಕಾಶಕ್ಕಿದ್ದರೆ ಕಾಳು ಹೊರಗೆ ಬೀಳುತ್ತದೆ. ಎರಡನೆಯದು, ಬಾಯಿ ಸರಿಯಾಗಿ ಕಚ್ಚದ ತೋಟಾದಲ್ಲಿ ಒದೆತಕ್ಕೆ ಪಕ್ಕದ ಗುಂಡು ಮುಂದಕ್ಕೆ ಜಾರಿ ಸಿಲಿಂಡರ್‌ನಿಂದ ಇಣುಕುತ್ತದೆ. ಮೂರನೆಯದು ಪೂರ್ತಿ ಒಳಗೆ ಕೂರದ ಕೇಪು. ಅವನದು ಮೊದಲನೆಯದೇ ಆಗಿತ್ತು. .357ರಲ್ಲಿ .38 ಬಹಳ ಹೊಡೆದವರಿಗೆ ನಾಲ್ಕನೆಯದೂ ಒಂದಿದೆ. ಗಿಡ್ಡ ತೋಟಾದ ಮುಂದೆ ಮಸಿಯ ಉಂಗುರ ಕಟ್ಟಿ, ಆಮೇಲೆ ಉದ್ದದ್ದು ಕೂರುವುದಿಲ್ಲ, ಕೂತರೂ ಹೊರಗೆ ಬರುವುದಿಲ್ಲ. ಅದಕ್ಕೆ ಬ್ರಷ್ ಸಾಕು. ಚೇಂಬರ್ ಸ್ವಚ್ಛ ಇದ್ದೂ ಖಾಲಿ ತೋಟಾ ಬಡಿದು ತೆಗೆಯಬೇಕಾಗಿ ಬಂದರೆ ಒತ್ತಡ ಮಿತಿ ದಾಟಿದೆ. ಉಳಿದ ತೋಟಾ ಹೊಡೆಯಬಾರದು.

ಈ ವೇಗದ ಮಾತು ನಮ್ಮೂರಿಗೆ ಯಾಕೆ ಬೇಕು ಅಂದರೆ, ಕೇಪಿನ ಕೋವಿಗೆ ಕರಿ ಮದ್ದು ಸಿಗದಿದ್ದಾಗ 12 ಬೋರ್ ತೋಟಾ ಕೊಯ್ದು ಅದರ ಮದ್ದು ಸುರಿದರಾಯಿತು ಅನ್ನುವ ಯೋಚನೆ ಕೆಲವರಿಗೆ ಬರುತ್ತದೆ. ನೋಡಲು ಎರಡೂ ಕಪ್ಪು ಪುಡಿ. ಆದರೆ ಕರಿ ಮದ್ದಿನ ಅಳತೆಗೆ ನೈಟ್ರೋ ಮದ್ದು ಸುರಿದರೆ ಒತ್ತಡ ಎಷ್ಟೋ ಪಟ್ಟು ಹೆಚ್ಚು. ಆ ನಳಿಗೆ ಅದಕ್ಕೆ ಹುಟ್ಟಿದ್ದೇ ಅಲ್ಲ, ಬುಡದಲ್ಲಿ ಸಿಡಿಯುತ್ತದೆ. ಸ್ವಲ್ಪ ಹಾಕಿದರೆ, ಎರಡನ್ನೂ ಬೆರೆಸಿದರೆ ಅನ್ನುವ ರಾಜಿ ಇಲ್ಲ.

ಕೆಟ್ಟ ಮದ್ದಿನ ಗುರುತು ಮೂಗಿಗೆ ಸಿಗುತ್ತದೆ. ಒಳ್ಳೇ ನೈಟ್ರೋ ಮದ್ದಿಗೆ ಸ್ಪಿರಿಟ್‌ನಂಥ ವಾಸನೆ. ಕೆಟ್ಟದ್ದಕ್ಕೆ ಮೂಗು ಚುಚ್ಚುವ ಹುಳಿ ಆಸಿಡ್ ವಾಸನೆ, ಕೆಲವೊಮ್ಮೆ ಇಟ್ಟಿಗೆ ಬಣ್ಣದ ಧೂಳು. ತೋಟಾ ಕೊಯ್ದು ಮೂಸಿ ನೋಡಿ ಅಂತಲ್ಲ. ಡಬ್ಬಿ ತೆರೆದಾಗ ಆ ವಾಸನೆ ಬಂದರೆ ಅಥವಾ ಬುಡದಲ್ಲಿ ಹಸಿರು ಒಸರಿದ್ದರೆ ಪೆಟ್ಟಿಗೆ ಸಮೇತ ಬೇರೆ ಇಡಿ. ಹಾರದ ತೋಟಾ, ಉಬ್ಬಿದ್ದು, ತುಕ್ಕು ಹಿಡಿದದ್ದು, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಹೆಸರಿಲ್ಲದ್ದು, ಎಲ್ಲಕ್ಕೂ ಒಂದೇ ಡಬ್ಬಿ, ಮೇಲೆ ದೊಡ್ಡದಾಗಿ 'ಹಾಳು' ಅಂತ ಬರೆದಿರಲಿ. ಒಲೆಗೆ, ಕಸದ ಬೆಂಕಿಗೆ, ತೋಟದ ಗುಂಡಿಗೆ, ಹೊಳೆಗೆ ಹಾಕಬೇಡಿ. ನಿಮಗೆ ತೋಟಾ ಮಾರುವ ಲೈಸೆನ್ಸ್ ಅಂಗಡಿಯವರನ್ನು ಕೇಳಿ, ಅವರು ತೆಗೆದುಕೊಳ್ಳದಿದ್ದರೆ ಠಾಣೆಗೆ ಫೋನ್ ಮಾಡಿ ತಿಳಿಸಿ. ಒಯ್ಯುವಾಗ ನಿಮ್ಮ ವಿನಾಯಿತಿ ಪತ್ರ ಅಥವಾ ಲೈಸೆನ್ಸ್ ಜೊತೆಗಿರಲಿ.